ಗದಗ ಜಿಲ್ಲೆ: ಗಡಿ ಮತ್ತು ಗಣತಿ

ಲಕ್ಷ್ಮೇಶ್ವರದಿಂದ ಶಿರಹಟ್ಟಿಗೆ ಕಾಲುನಡಿಗೆಯಲ್ಲಿ ಹೋಗುತ್ತಿದ್ದ ನಮ್ಮ ಅಜ್ಜ, ಹೋದಾಗಲೆಲ್ಲ ಒಂದು ಸಂಸ್ಥಾನ ದಾಟಿ ಇನ್ನೊಂದಕ್ಕೆ ಕಾಲಿಡುತ್ತಿದ್ದರು. ಲಕ್ಷ್ಮೇಶ್ವರ ಮೀರಜದ ಅರಸರದು, ಶಿರಹಟ್ಟಿ ಸಾಂಗಲಿಯವರದು. ಗದಗ, ಬೆಟಗೇರಿ, ಮುಂಡರಗಿಗಳು ಬ್ರಿಟಿಷರ ಧಾರವಾಡ ಜಿಲ್ಲೆಯವು. ಮಾತು ಒಂದೇ, ಸಂತೆಗೆ ಬರುವ ಜೋಳ, ಹತ್ತಿಗಳೂ ಒಂದೇ. 1948ರಲ್ಲಿ ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರಲ್ಲಿ ಎಲ್ಲವೂ ವಿಶಾಲ ಮೈಸೂರಿಗೆ ಬಂದವು. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಗದಗ ತಾನೇ ಜಿಲ್ಲೆಯಾಯಿತು.

ಆಗ ಇದ್ದವು ಐದು ತಾಲ್ಲೂಕುಗಳು: ಗದಗ, ರೋಣ, ನರಗುಂದ, ಶಿರಹಟ್ಟಿ, ಮುಂಡರಗಿ. 2018ರಲ್ಲಿ ಲಕ್ಷ್ಮೇಶ್ವರ, ಗಜೇಂದ್ರಗಡಗಳು ಸೇರಿ ಏಳಾದವು. ಶಿರಹಟ್ಟಿಗಿಂತ ಹೆಚ್ಚುಕಡಿಮೆ ಇಮ್ಮಡಿ ಜನರಿದ್ದ ಲಕ್ಷ್ಮೇಶ್ವರ ಅಷ್ಟು ಕಾಲ ಶಿರಹಟ್ಟಿ ತಾಲ್ಲೂಕಿನೊಳಗಿನ ಒಂದು ಊರಾಗಿಯೇ ಇತ್ತೆಂಬುದು ನಮ್ಮ ಊರಿನವರಿಗೆ ಹಳೆಯ ನೋವು.

2011ರ ಗಣತಿಯಂತೆ ಜಿಲ್ಲೆಯ ಜನಸಂಖ್ಯೆ 10,64,570. ಗದಗ-ಬೆಟಗೇರಿ ಅವಳಿ ನಗರದಲ್ಲಿಯೇ 1.72 ಲಕ್ಷ. ಪರಿಶಿಷ್ಟ ಜಾತಿಯವರು ನೂರಕ್ಕೆ ಹದಿನಾರರಷ್ಟು, ಪರಿಶಿಷ್ಟ ಪಂಗಡದವರು ಆರರ ಸಮೀಪ. ಈ ಕೊನೆಯ ಅಂಕಿಯನ್ನು ಓದುವಾಗ ಸ್ವಲ್ಪ ಎಚ್ಚರ ಬೇಕು. ಕರ್ನಾಟಕದಲ್ಲಿ ಪಂಗಡದವರ ಸಂಖ್ಯೆ 1971ರಲ್ಲಿ 2.31 ಲಕ್ಷ, 1981ರಲ್ಲಿ 18.25 ಲಕ್ಷ! ಹತ್ತು ವರ್ಷಗಳಲ್ಲಿ ಎಂಟು ಪಟ್ಟು ಮಕ್ಕಳು ಹುಟ್ಟಿದರೆ? ಇಲ್ಲ. ಒಂದು ಸಮುದಾಯ ಒಂದು ಪ್ರದೇಶದಲ್ಲಿ ಪಟ್ಟಿಯೊಳಗೆ, ಪಕ್ಕದ ಪ್ರದೇಶದಲ್ಲಿ ಪಟ್ಟಿಯ ಹೊರಗೆ ಎಂಬ ಕಟ್ಟನ್ನು 1976ರ ಕಾಯಿದೆ ಸಡಿಲಿಸಿತು. 1991ರಲ್ಲಿ ಬೇಡ, ವಾಲ್ಮೀಕಿ ಎಂಬ ಹೆಸರುಗಳು ನಾಯಕರ ಜೊತೆಗೆ ಸೇರಿದವು. 2001ರ ಎಣಿಕೆ 34.64 ಲಕ್ಷಕ್ಕೆ ಏರಿತು. ಜನ ಎಲ್ಲಿಂದಲೂ ಬಂದವರಲ್ಲ, ಇದ್ದವರೇ.

ನಮ್ಮ ಲಂಬಾಣಿಗರ ಸಂಗತಿ ಇನ್ನೂ ಸೋಜಿಗದ್ದು. ನೋಡಿದವರೆಲ್ಲ ಅವರನ್ನು ಬುಡಕಟ್ಟಿನವರೆನ್ನುತ್ತಾರೆ. ತೆಲಂಗಾಣದಲ್ಲಿ ಅವರು ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ, ನಮ್ಮಲ್ಲಿ ಪರಿಶಿಷ್ಟ ಜಾತಿ. ಒಂದೇ ಗೋರ್ ಮಾತಿನ ಅಕ್ಕತಂಗಿಯರು ಮೂರು ರಾಜ್ಯಗಳಿಗೆ ಮದುವೆಯಾಗಿ ಹೋದರೆ ಅವರ ಮಕ್ಕಳ ಮೀಸಲಾತಿ ಮೂರು ಬಗೆಯದು. ಶಾಲೆಯ ಸೀಟು, ನೌಕರಿ, ಪಂಚಾಯಿತಿಯ ಸ್ಥಾನ, ಎಲ್ಲವೂ ಈ ಪಟ್ಟಿಗೆ ಕಟ್ಟುಬಿದ್ದಿವೆ.

2011ರ ಗಣತಿಯ ದಿನಗಳಲ್ಲಿ, ಶಿಕ್ಷಕನಾಗಿದ್ದ ನನ್ನ ಹಳೆಯ ವಿದ್ಯಾರ್ಥಿಯೊಡನೆ ಕಪ್ಪತಗುಡ್ಡದ ಸೆರಗಿನ ಒಂದು ತಾಂಡಾಕ್ಕೆ ಹೋಗಿದ್ದೆ. ಅಂಗಳದಲ್ಲಿ ಕುಳಿತಿದ್ದ ಮುದುಕಿಯೊಬ್ಬರನ್ನು ಅವನು ಕೇಳಿದ: "ಊರು ಯಾವುದವ್ವಾ?"

"ತಾಂಡಾನ ನಮ್ಮೂರ್ರೀ. ಬ್ಯಾರೆ ಊರು ಎಲ್ಲಿಂದ ತರೂದು?"

ಅವನ ಹಾಳೆಯ ಮೇಲೆ ಮೊದಲೇ ಇದ್ದದ್ದು ಎರಡು ಮೈಲಿಯಾಚೆಯ ಮೂಲಗ್ರಾಮದ ಹೆಸರು. ಕಂದಾಯ ಗ್ರಾಮವಲ್ಲದ ತಾಂಡಾಕ್ಕೆ ಗಣತಿಯ ಪುಸ್ತಕದಲ್ಲಿ ಪ್ರತ್ಯೇಕ ಸಾಲಿಲ್ಲ. ಸಾಲಿಲ್ಲದ ಊರಿನಲ್ಲಿ ಮನೆಯಿದ್ದವರಿಗೆ ಆ ಮನೆಯ ಹಕ್ಕುಪತ್ರ ಸಿಗುವುದೂ ಕಷ್ಟ. ಇತ್ತೀಚಿನ ವರ್ಷಗಳಲ್ಲಿ ಸರಕಾರ ಇಂಥ ತಾಂಡಾಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸಿ ಹಕ್ಕುಪತ್ರ ಹಂಚತೊಡಗಿದೆ.

2021ರಲ್ಲಿ ನಡೆಯಬೇಕಾಗಿದ್ದ ಗಣತಿ ಆಗ ನಡೆಯಲಿಲ್ಲ, 2027ಕ್ಕೆ ಗೊತ್ತಾಯಿತು. ಹೀಗಾಗಿ ಹೊಸ ಲಕ್ಷ್ಮೇಶ್ವರ ತಾಲ್ಲೂಕಿನ ಜನಸಂಖ್ಯೆ ಬೇಕೆಂದವರು ಹಳೆಯ ಪುಸ್ತಕ ತೆರೆದು ಶಿರಹಟ್ಟಿಯ ಪುಟದಲ್ಲಿ ಹಳ್ಳಿ ಹಳ್ಳಿಯ ಅಂಕಿಗಳನ್ನು ಆರಿಸಿ ಕೂಡಿಸಿಕೊಳ್ಳಬೇಕು. ನಾನೂ ಒಮ್ಮೆ ಕೂಡಿಸಲು ಕುಳಿತೆ. ಆ ಮುದುಕಿಯ ತಾಂಡಾವನ್ನು ಪಕ್ಕದ ಮುಂಡರಗಿಯ ಪುಟದಲ್ಲಿಯೂ ಹುಡುಕಿದೆ. ಸಿಕ್ಕಿದ್ದು ಮೂಲಗ್ರಾಮದ ಹೆಸರು ಮಾತ್ರ.