ನವೆಂಬರ್ 11: ರಜೆ ಇಲ್ಲದ ದಿನ
"ಉಸ್ತಾದ್, ನವೆಂಬರ್ 11ಕ್ಕೆ ರಜೆ ಉಂಟಾ?" ಮದ್ರಸದಲ್ಲಿ ಮಕ್ಕಳು ಕೇಳಿದರು. ಇಲ್ಲ ಮಕ್ಕಳೇ, ಅಂದು ರಾಷ್ಟ್ರೀಯ ಶಿಕ್ಷಣ ದಿನ.

1888ರ ಈ ದಿನ ಇಬ್ಬರು ಹುಟ್ಟಿದರು. ಮಕ್ಕಾದಲ್ಲಿ ಮೌಲಾನಾ ಅಬುಲ್ ಕಲಾಂ ಆಝಾದ್, ಸಿಂಧ್‌ನ ಹೈದರಾಬಾದಿನಲ್ಲಿ ಆಚಾರ್ಯ ಕೃಪಲಾನಿ. ಇಬ್ಬರೂ ಸ್ವಾತಂತ್ರ್ಯಕ್ಕಾಗಿ ಜೈಲು ಕಂಡರು, ಕಾಂಗ್ರೆಸ್ ಅಧ್ಯಕ್ಷರೂ ಆದರು. 1918ರಲ್ಲಿ ಮೊದಲ ಮಹಾಯುದ್ಧದ ಗುಂಡಿನ ಸದ್ದು ನಿಂತದ್ದೂ ಇದೇ ದಿನ, ಬೆಳಿಗ್ಗೆ 11 ಗಂಟೆಗೆ.

ಆಝಾದರು ಶಾಲೆಗೆ ಹೋದವರಲ್ಲ. ಮನೆಯಲ್ಲೇ ತಂದೆಯಿಂದ, ಉಸ್ತಾದರಿಂದ ಕಲಿತರು. ಆದರೆ ದೇಶದ ಮೊದಲ ಶಿಕ್ಷಣ ಸಚಿವರಾಗಿ, ಎಲ್ಲ ಮಕ್ಕಳಿಗೂ ಶಾಲೆ ಬೇಕೆಂದರು. ಅವರ ನೆನಪಿಗೇ 2008ರಿಂದ ಈ ದಿನಾಚರಣೆ.

ಹಾಗಾಗಿ ಉಮ್ಮಂದಿರೇ, ಮದುವೆ ಉಂಟು, ಅಂಗಡಿಗೆ ಜನ ಇಲ್ಲ ಎಂದು ಅಂದು ಮಕ್ಕಳನ್ನು ಮನೆಯಲ್ಲಿ ನಿಲ್ಲಿಸಬೇಡಿ. ಅಂದು ಮಾತ್ರವಲ್ಲ, ಮರುದಿನವೂ.