ಕೂಸಿನ ಕೈಗೆ ಹದಮಣ್ಣು: ಮೂರು ವರ್ಷದೊಳಗಿನ ಮಕ್ಕಳಿಗೆ ಮನೆಯಲ್ಲೇ ಋತುಮಾನದ ಕಲಿಕೆ

ಮೂರು ವರ್ಷ ತುಂಬಿದ ಮಗುವಿಗೆ ಅಂಗನವಾಡಿಯಲ್ಲಿ ಹಾಡು, ಕಥೆ, ಆಟಗಳ ಮೂಲಕ ಶಾಲಾಪೂರ್ವ ಶಿಕ್ಷಣ ದೊರೆಯುತ್ತದೆ. ಅದಕ್ಕಿಂತ ಚಿಕ್ಕ ಮಗುವಿಗೆ ಅಲ್ಲಿಂದ ಪೌಷ್ಟಿಕ ಆಹಾರವೂ ಆರೋಗ್ಯದ ನೆರವೂ ಬರುತ್ತವೆಯಾದರೂ ಕಲಿಕೆಯು ಬಹುಪಾಲು ಮನೆಯಲ್ಲಿಯೇ ನಡೆಯಬೇಕು. ಈ ಮೂರು ವರ್ಷಗಳನ್ನು ನಾವು ಸಾಮಾನ್ಯವಾಗಿ ಉಣಿಸುವ, ಮಲಗಿಸುವ, ಅಳು ನಿಲ್ಲಿಸುವ ಕಾಲವೆಂದೇ ಎಣಿಸುತ್ತೇವೆ. ಆದರೆ ಮನುಷ್ಯನ ಮೆದುಳಿನ ಬೆಳವಣಿಗೆಯಲ್ಲಿ ಶೇ. 85ಕ್ಕಿಂತ ಹೆಚ್ಚು ಭಾಗ ಆರು ವರ್ಷದೊಳಗೆ ನಡೆದುಹೋಗುತ್ತದೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ಎಳೆಯರ ಕಲಿಕೆಯಲ್ಲಿ ಆಯಾ ಪ್ರದೇಶದ ಕಲೆ, ಕಥೆ, ಹಾಡು, ಆಟಗಳನ್ನು ಸೇರಿಸಿಕೊಳ್ಳಬೇಕೆಂದೂ ಅದೇ ನೀತಿ ಸೂಚಿಸಿದೆ. ಹುಟ್ಟಿನಿಂದ ಮೂರು ವರ್ಷದವರೆಗಿನ ಮಕ್ಕಳಿಗಾಗಿಯೇ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 2024ರಲ್ಲಿ ‘ನವಚೇತನ’ ಎಂಬ ಚೌಕಟ್ಟನ್ನು ಹೊರತಂದಿತು. ಪಾಲಕರು ಮನೆಯಲ್ಲಿಯೇ ಮಾಡಿಸಬಹುದಾದ ಚಟುವಟಿಕೆಗಳು ಅದರಲ್ಲಿವೆ.

ಇಷ್ಟೆಲ್ಲ ಹೇಳಿದಾಗ ತಾಯಂದಿರು ಕೇಳುವ ಪ್ರಶ್ನೆಯೊಂದಿದೆ: ಆಟದ ಸಾಮಾನು ಎಲ್ಲಿಂದ ತರುವುದು? ಪೇಟೆಯ ಬಣ್ಣದ ಪೆಟ್ಟಿಗೆಗಳಿಗೆ ಸಾವಿರಾರು ರೂಪಾಯಿ ಬೆಲೆ. ನಾಲತವಾಡ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಸಿಂದಗಿ, ಇಂಡಿ ಭಾಗದ ಮನೆಗಳಿಗೆ ಅವುಗಳ ಅಗತ್ಯವೇ ಇಲ್ಲ. ಕಾರಹುಣ್ಣಿಮೆಯಿಂದ ಹೋಳಿಯವರೆಗೆ ನಮ್ಮ ಹಬ್ಬಗಳು ಎಳೆಯ ಕೈಗಳಿಗೆ ಬೇಕಾದ ಮಣ್ಣು, ಎಲೆ, ದಂಟು, ಹಿಟ್ಟು, ನೀರು ಎಲ್ಲವನ್ನೂ ಕಾಲಕಾಲಕ್ಕೆ ತಂದು ಮನೆಯೊಳಗೆ ಇಡುತ್ತವೆ. ಕೊರತೆಯಾಗಿರುವುದು ಒಂದೇ. ಆ ಕೆಲಸಗಳನ್ನೆಲ್ಲ ಈಗ ಹಿರಿಯರು ಬೇಗಬೇಗ ಮುಗಿಸುತ್ತಾರೆ, ಇಲ್ಲವೆ ಸಂತೆಯಿಂದ ಸಿದ್ಧವಸ್ತು ತರುತ್ತಾರೆ. ಅಷ್ಟರವರೆಗೆ ಕೂಸು ಅಡ್ಡ ಬರಬಾರದೆಂದು ಅದರ ಕೈಗೆ ಮೊಬೈಲು ಕೊಟ್ಟು ಕೂರಿಸುತ್ತಾರೆ.

ಮೊಬೈಲಿನ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ನೀಡಿದ ಸೂಚನೆ ಸ್ಪಷ್ಟವಾಗಿದೆ. ಒಂದು ವರ್ಷದ ಮಗುವಿಗೆ ಪರದೆಯ ಮುಂದೆ ಕೂರುವುದು ತಕ್ಕುದಲ್ಲ. ಎರಡು ವರ್ಷದ ಮಗುವಿಗೆ ದಿನಕ್ಕೆ ಒಂದು ಗಂಟೆಯನ್ನು ಮೀರಬಾರದು, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು. ಒಂದರಿಂದ ಎರಡು ವರ್ಷದ ಮಕ್ಕಳು ದಿನದಲ್ಲಿ ಕನಿಷ್ಠ 180 ನಿಮಿಷ ಮೈ ಅಲುಗಿಸಿ ಆಡಬೇಕೆಂದೂ ಅದು ಹೇಳುತ್ತದೆ. ಮೂರು ಗಂಟೆ ಎಂದರೆ ಹೆಚ್ಚೆನಿಸಬಹುದು. ಕೆಲಸವಿರುವ ಮನೆಯಲ್ಲಿ ತಾಯಿಯ ಹಿಂದೆ ಸುತ್ತುವ ಕೂಸಿಗೆ ಅದು ಹೆಚ್ಚಲ್ಲ.

ಜ್ಯೇಷ್ಠ ಮಾಸದಿಂದಲೇ ಆರಂಭಿಸೋಣ. ಹುಣ್ಣಿಮೆಯಂದು ಕಾರಹುಣ್ಣಿಮೆ, ಅಲ್ಲಿಂದ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಈ ಎರಡು ಹಬ್ಬಗಳ ಜೋಡಣೆಯನ್ನು ಹಿರಿಯರು ಶಿಕ್ಷಣಕ್ಕೆಂದೇ ಮಾಡಿದರೋ ಇಲ್ಲವೋ, ಫಲವಂತೂ ಹಾಗೆಯೇ ಇದೆ. ಮೊದಲು ಮಗು ನಿಜವಾದ ಎತ್ತನ್ನು ಕಾಣುತ್ತದೆ. ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟಿದ ಎತ್ತನ್ನು ತಂದೆಯ ಹೆಗಲ ಮೇಲಿಂದ ನೋಡಿ, ಧೈರ್ಯವಿದ್ದರೆ ಮುಟ್ಟುತ್ತದೆ. ಎರಡು ವಾರದ ಬಳಿಕ ಅದೇ ಎತ್ತನ್ನು ಮಣ್ಣಿನಲ್ಲಿ ಮಾಡಲಾಗುತ್ತದೆ. ನೋಡಿದ್ದನ್ನು ನೆನೆದು ಕೈಯಿಂದ ರೂಪಿಸುವುದು ಬುದ್ಧಿಯ ದೊಡ್ಡ ಕೆಲಸ. ಟ್ರ್ಯಾಕ್ಟರು ಬಂದ ಮೇಲೆ ಎತ್ತುಗಳಿರುವ ಮನೆಗಳು ಕಡಿಮೆಯಾಗಿವೆ. ಆದುದರಿಂದ ಕಾರಹುಣ್ಣಿಮೆಯಂದು ಎತ್ತಿರುವ ಬೀಗರ ಮನೆಗೋ ನೆರೆಯ ಹಟ್ಟಿಗೋ ಮಗುವನ್ನು ಕರೆದೊಯ್ಯುವುದು ಈಗ ಮೊದಲಿಗಿಂತ ಹೆಚ್ಚು ಅವಶ್ಯ.

ಮಣ್ಣಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಎರೆಮಣ್ಣು ಜಿಗುಟು ಹೆಚ್ಚು, ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕಾಲು ಹೋಗುವಷ್ಟು ಬಿರುಕು ಬಿಡುವ ಮಣ್ಣು ಎತ್ತಿನ ಕಾಲಿನಲ್ಲೂ ಬಿರುಕು ಬಿಡದೆ ಇರದು. ಮಣ್ಣನ್ನು ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ಕಲ್ಲು ಮುಳ್ಳು ತೆಗೆದು, ರಾತ್ರಿಯೆಲ್ಲ ನೆನೆಸಿಡಬೇಕು. ಬೆಳಿಗ್ಗೆ ಸ್ವಲ್ಪ ಸಣ್ಣ ಮರಳು, ಒಂದು ಹಿಡಿ ಬಿಡಿಸಿದ ಹತ್ತಿ ಸೇರಿಸಿ ಚೆನ್ನಾಗಿ ನಾದಿದರೆ ಬಿರುಕು ಕಡಿಮೆಯಾಗುತ್ತದೆ. ಔಷಧಿ ಸಿಂಪಡಿಸುವ ಹತ್ತಿ, ತೊಗರಿ ಹೊಲದ ಮೇಲ್ಮಣ್ಣು ಮಕ್ಕಳಿಗೆ ಬೇಡ. ಬಸವಸಾಗರದ ನೀರು ಬಂದ ಕಡೆಗಳಲ್ಲಿ ಗೊಬ್ಬರ, ಕೀಟನಾಶಕಗಳ ಬಳಕೆ ಹೆಚ್ಚಿರುವುದರಿಂದ ಈ ಎಚ್ಚರ ಇನ್ನೂ ಮುಖ್ಯ. ಕುಂಬಾರರ ಮನೆಯ ಹದಮಣ್ಣು ಸಿಕ್ಕರೆ ಅದಕ್ಕಿಂತ ಒಳ್ಳೆಯದು ಬೇರಿಲ್ಲ. ಮಗುವನ್ನು ಕರೆದುಕೊಂಡೇ ಹೋಗಿ, ತಿಗರಿ ತಿರುಗುವುದನ್ನು ತೋರಿಸಿ, ಮಣ್ಣಿಗೆ ತಕ್ಕ ಬೆಲೆ ಕೊಟ್ಟು ತರಬೇಕು. ಕಾಯಕ ಎಂಬ ಮಾತಿನ ಅರ್ಥ ಆ ವಯಸ್ಸಿಗೆ ತಿಳಿಯದು, ಮಣ್ಣು ಹಿಡಿದ ಕೈಗಳನ್ನು ಅದು ಕಂಡಿರುತ್ತದೆ.

ಒಂದು ವರ್ಷದ ಕೂಸಿನಿಂದ ಎತ್ತು ನಿರೀಕ್ಷಿಸಬಾರದು. ಅದು ಮಣ್ಣನ್ನು ಒತ್ತುತ್ತದೆ, ಹಿಚುಕುತ್ತದೆ, ಬೆರಳು ತೂರಿಸಿ ತೂತು ಮಾಡುತ್ತದೆ, ಒಮ್ಮೆ ಬಾಯಿಗೂ ಇಡುತ್ತದೆ. ಒಂದೂವರೆ ವರ್ಷದ ಹೊತ್ತಿಗೆ ಕಡ್ಡಿಯಿಂದ ಗೀರಲು ಕಲಿಯುತ್ತದೆ. ಎರಡು ವರ್ಷದ ಬಳಿಕ ಅಂಗೈಗಳ ನಡುವೆ ಉಂಡೆ ಹೊರಳಿಸಲು ಯತ್ನಿಸುತ್ತದೆ. ಮೂರರ ಹತ್ತಿರ ಬಂದಾಗ ಉದ್ದನೆಯ ಬತ್ತಿಯಂತೆ ಹೊಸೆದು ‘ಇದು ಬಾಲ’ ಎನ್ನುತ್ತದೆ. ಆ ಬಾಲವನ್ನು ಹಿರಿಯರು ಮಾಡಿದ ಎತ್ತಿಗೆ ಅಂಟಿಸಿ ಪೂಜೆಗೆ ಇಡಬೇಕು. ‘ನಿನಗೆ ಬರಲ್ಲ ಬಿಡು’ ಎಂದು ಕಿತ್ತುಕೊಂಡು ತಿದ್ದಬಾರದು. ಗೋದಲಿಯನ್ನಂತೂ ಕೂಸಿಗೇ ಬಿಡಬಹುದು. ಮಣ್ಣಿನ ಮುದ್ದೆಯಲ್ಲಿ ಹೆಬ್ಬೆರಳು ಊರಿದರೆ ಗೋದಲಿಯಾಯಿತು, ಅದರಲ್ಲಿ ನಾಲ್ಕು ಎಸಳು ಹುಲ್ಲಿಟ್ಟರೆ ಎತ್ತಿಗೆ ಊಟವಾಯಿತು.

ಕೈ ಕೆಲಸ ಮಾಡುವಾಗ ಮಾತೂ ನಡೆಯುತ್ತಿರಬೇಕು. ಕೋಡು, ಕಿವಿ, ಇಣಿ, ಗೊರಸು, ಬಾಲ, ನೊಗ, ಬಾರುಕೋಲು, ಗೆಜ್ಜೆ, ಗೋದಲಿ: ಒಂದು ಜೊತೆ ಮಣ್ಣೆತ್ತಿನಲ್ಲಿ ಎಷ್ಟು ಪದಗಳಿವೆ ನೋಡಿರಿ. ಮೊಬೈಲಿನ ಹಾಡುಗಳಲ್ಲಿ ಈ ಪದಗಳು ಸಿಗುವುದಿಲ್ಲ. ಪದವನ್ನು ಮಗು ವಸ್ತುವಿನೊಡನೆ, ಅದನ್ನು ಮುಟ್ಟುತ್ತ, ಪರಿಚಿತ ದನಿಯಲ್ಲಿ ಮತ್ತೆ ಮತ್ತೆ ಕೇಳಿದಾಗ ಅದು ಅದರ ಸ್ವಂತದ್ದಾಗುತ್ತದೆ. ಬೇರೆ ಯಾವ ಸಾಮಾನನ್ನು ಕೊಡಲಾಗದಿದ್ದರೂ ಈ ಮಾತನ್ನು ಎಲ್ಲ ತಾಯಿಯೂ ಅಜ್ಜಿಯೂ ಕೊಡಬಲ್ಲರು. ದುಡಿಯಲು ಪುಣೆ, ಗೋವಾ, ಬೆಂಗಳೂರಿಗೆ ಹೋಗಿ ಕೂಸನ್ನು ಊರಲ್ಲಿ ಹಿರಿಯರ ಬಳಿ ಬಿಟ್ಟವರ ಮನೆಗಳಲ್ಲಿ ಇದು ಪೂರ್ತಿಯಾಗಿ ಅಜ್ಜ ಅಜ್ಜಿಯರ ಪಾಲಿನ ಕೆಲಸ.

ಎತ್ತಿನ ಕಾಲು ಮುರಿಯುವುದು ಖಂಡಿತ. ಅದಕ್ಕೂ ನಮ್ಮಲ್ಲಿ ಒಂದು ರೂಢಿ ಇದೆ. ಅಮಾವಾಸ್ಯೆಯ ಮರುದಿನ ಮಕ್ಕಳು ಕುಂಟೆತ್ತು ಬಂದಿದೆಯೆಂದು ಹಾಡುತ್ತ ಮನೆಮನೆಗೆ ಹೋಗಿ ಜೋಳ, ಕಾಳು ಬೇಡಿ ತರುತ್ತಾರೆ. ಮುರಿದದ್ದಕ್ಕೆ ಬೈಗುಳವಿಲ್ಲ, ಅದನ್ನೇ ಹಿಡಿದು ಓಣಿ ಸುತ್ತುವ ಸಂಭ್ರಮವಿದೆ. ದೊಡ್ಡ ಮಕ್ಕಳ ಈ ಮೆರವಣಿಗೆಯಲ್ಲಿ ಚಿಕ್ಕವರನ್ನೂ ಕಂಕುಳಲ್ಲಿ ಎತ್ತಿಕೊಂಡು ಸೇರಿಸಬೇಕು.

ಮುಂದೆ ಆಷಾಢದ ಮಂಗಳವಾರಗಳಂದು ಗುಳ್ಳವ್ವ. ಹೆಣ್ಣುಮಕ್ಕಳು ಮಣ್ಣಿನ ಗುಳ್ಳವ್ವನನ್ನು ಮಾಡಿ ಸಿಂಗರಿಸುವ ಈ ಆಚರಣೆ ಎಳೆಯರ ಬೆರಳುಗಳಿಗೆ ಬಹಳ ಒಳ್ಳೆಯದು. ಆದರೆ ಇಲ್ಲಿ ಒಂದು ಗಂಭೀರವಾದ ಎಚ್ಚರಿಕೆ ಹೇಳದೆ ಮುಂದೆ ಹೋಗುವಂತಿಲ್ಲ. ಗುಳ್ಳವ್ವನಿಗೆ ಒತ್ತುವ ಗುಲಗಂಜಿ ಕೆಂಪಗೆ ಹೊಳೆಯುವ ಸುಂದರ ಬೀಜವಾದರೂ ಅದರೊಳಗೆ ಅಬ್ರಿನ್ ಎಂಬ ಘೋರ ವಿಷವಿದೆ. ಬೀಜವನ್ನು ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ಮೂರು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಗುಲಗಂಜಿ ಇರಲೇಬಾರದು. ಅದರ ಬದಲು ಬಣ್ಣದ ಹೂವಿನ ಎಸಳು, ಬೇವಿನ ಎಲೆ, ಬಳೆಯ ಅಚ್ಚು ಬಳಸಬಹುದು. ಹಸಿಮಣ್ಣಿನ ಮೇಲೆ ಲೋಹದ ಬಳೆ ಒತ್ತಿ ತೆಗೆದಾಗ ಮೂಡುವ ದುಂಡು ಗುರುತನ್ನು ಕಂಡರೆ ಕೂಸು ಮತ್ತೆ ಮತ್ತೆ ಒತ್ತುತ್ತದೆ. ಅಕಸ್ಮಾತ್ ಮಗು ಗುಲಗಂಜಿ ನುಂಗಿದೆ ಎಂಬ ಅನುಮಾನ ಬಂದರೂ ಮನೆಮದ್ದಿಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಮಣ್ಣಿನಿಂದ ಜಂತುಹುಳ ಬರುತ್ತದೆಂಬ ಅಂಜಿಕೆ ಪೂರ್ತಿ ಸುಳ್ಳಲ್ಲ. ಆಟ ಮುಗಿದ ಕೂಡಲೇ ಸಾಬೂನಿನಿಂದ ಕೈ ತೊಳೆಸಿ, ಉಗುರು ಕತ್ತರಿಸಿಟ್ಟರೆ ಬಹುಪಾಲು ರಕ್ಷಣೆ ಆಯಿತು. ಜಂತುಹುಳ ನಿವಾರಣಾ ದಿನದಂದು ಅಂಗನವಾಡಿಯಲ್ಲಿ ಒಂದು ವರ್ಷ ತುಂಬಿದ ಮಕ್ಕಳಿಗೂ ಅಲ್ಬೆಂಡಜೋಲ್ ಮಾತ್ರೆ ಕೊಡುತ್ತಾರೆ. ಒಂದರಿಂದ ಎರಡು ವರ್ಷದವರಿಗೆ ಅರ್ಧ ಮಾತ್ರೆ, ಅಂದರೆ 200 ಮಿಲಿಗ್ರಾಂ, ಪುಡಿ ಮಾಡಿ ನೀರಿನಲ್ಲಿ ಕಲಸಿ ಕೊಡಲಾಗುತ್ತದೆ. ಅದನ್ನು ತಪ್ಪಿಸಬಾರದು.

ಶ್ರಾವಣದ ಪಂಚಮಿ ಜೋಕಾಲಿ ಮತ್ತು ಉಂಡಿಗಳ ಹಬ್ಬ. ಮಣ್ಣಿನಲ್ಲಿ ಉಂಡೆ ಹೊರಳಿಸಲು ಕಲಿತ ಕೈ ಈಗ ತಂಬಿಟ್ಟಿನ ಉಂಡಿ ಕಟ್ಟಬಲ್ಲದು. ಅದು ಡೊಂಕಾಗಿದ್ದರೂ ಮೊದಲ ಉಂಡಿಯನ್ನು ಅಜ್ಜನಿಗೆ ಕೂಸೇ ಕೊಡಲಿ. ಒಣಕೊಬ್ಬರಿ ಬಟ್ಟಲಿಗೆ ದಾರ ಕಟ್ಟಿ ಆಡುವ ಆಟ ಸ್ವಲ್ಪ ದೊಡ್ಡವರದು. ಚಿಕ್ಕವರಿಗೆ ದಾರವಿಲ್ಲದ ಬಟ್ಟಲೇ ಸಾಕು, ಜೋಳ ತುಂಬುವುದು, ಸುರಿಯುವುದು, ಒಂದರ ಮೇಲೊಂದು ಮುಚ್ಚುವುದು. ಗೇಣಿಗಿಂತ ಉದ್ದದ ದಾರ ಎಳೆಯ ಮಕ್ಕಳ ಕೊರಳಿಗೆ ಸುತ್ತಿಕೊಳ್ಳುವ ಭಯವಿದೆ. ಇಡಿಯ ಶೇಂಗಾ, ಅರಳು, ಗಟ್ಟಿ ಕುಸರೆಳ್ಳು ನಾಲ್ಕು ವರ್ಷದೊಳಗಿನವರ ಗಂಟಲಿಗೆ ಸಿಕ್ಕಿಕೊಳ್ಳಬಹುದು, ಶೇಂಗಾ ಪುಡಿಯ ಉಂಡಿಗೆ ಆ ಭಯವಿಲ್ಲ. ಅನೇಕ ಮಠಗಳೂ ಸಂಘಗಳೂ ಈ ದಿನ ಮಕ್ಕಳಿಗೆ ಹಾಲು ಕುಡಿಸುವ ಪರಿಪಾಠ ಇಟ್ಟುಕೊಂಡಿವೆ. ಆ ಹಾಲನ್ನು ಚಿಕ್ಕ ತಂಬಿಗೆಯಿಂದ ಲೋಟಕ್ಕೆ ಮಗುವೇ ಬಗ್ಗಿಸಿಕೊಳ್ಳಲಿ, ಚೆಲ್ಲಿದರೆ ಬಟ್ಟೆ ಕೊಟ್ಟು ಒರೆಸಲು ಹೇಳಿದರಾಯಿತು.

ವಿಜಯದಶಮಿಯ ಬನ್ನಿಯಲ್ಲಿ ಮುಳ್ಳು ನೋಡಿ ಎಲೆ ಬಿಡಿಸಿಕೊಡಬೇಕು. ಹಿರಿಯರ ಕೈಗೆ ಒಂದೊಂದೇ ಎಲೆ ಇಟ್ಟು ನಮಸ್ಕರಿಸುವಾಗ ಎರಡು ಬೆರಳ ಹಿಡಿತವೂ ಬಂಧುಗಳ ಹೆಸರೂ ಒಟ್ಟಿಗೆ ಬರುತ್ತವೆ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋದಾಗ ಚರಗದ ಒಂದು ಹಿಡಿ ಕೂಸಿನ ಕೈಯಲ್ಲಿರಲಿ. ತನ್ನದನ್ನು ಬಿಗಿಯಾಗಿ ಹಿಡಿದುಕೊಳ್ಳುವ ವಯಸ್ಸದು. ಆಗಲೇ ನೆಲಕ್ಕೆ, ಹಕ್ಕಿಪಕ್ಷಿಗೆ ಚೆಲ್ಲಿ ಕೊಡುವುದನ್ನು ರೂಢಿಸಿದರೆ ದಾಸೋಹವನ್ನು ಮುಂದೆ ಬಾಯಿಪಾಠ ಮಾಡಿಸಬೇಕಾಗುವುದಿಲ್ಲ.

ಹಿಂಗಾರಿ ಜೋಳದ ರಾಶಿಯ ಹೊತ್ತಿಗೆ, ಅಂದರೆ ಫೆಬ್ರುವರಿ ಮಾರ್ಚಿನಲ್ಲಿ, ದಂಟು ಸಿಗುತ್ತದೆ. ದಂಟಿನ ಸಿಪ್ಪೆ ಸುಲಿದರೆ ಒಳಗೆ ಮೆತ್ತನೆಯ ಬೆಂಡು. ಬೆಂಡಿನ ತುಂಡುಗಳಿಗೆ ಸಿಪ್ಪೆಯ ಕಡ್ಡಿ ಚುಚ್ಚಿ ಚಕ್ಕಡಿ, ಮಂಚ, ಮನೆ ಮಾಡುವುದನ್ನು ನಮ್ಮ ಅಜ್ಜಂದಿರು ಕಣ್ಣು ಮುಚ್ಚಿ ಮಾಡಬಲ್ಲರು. ಸಿಪ್ಪೆಯ ಅಂಚು ಚಾಕುವಿನಷ್ಟೇ ಹರಿತ, ಆದ್ದರಿಂದ ಸುಲಿಯುವುದು, ಕಡ್ಡಿ ಚುಚ್ಚುವುದು ಹಿರಿಯರ ಕೆಲಸ. ಬೆಂಡಿನ ದೊಡ್ಡ ತುಂಡುಗಳನ್ನು ಸಾಲಾಗಿ ಇಡುವುದು, ಸಿದ್ಧವಾದ ಚಕ್ಕಡಿಯನ್ನು ಎಳೆಯುವುದು ಕೂಸಿನದು. ಜ್ಯೇಷ್ಠದಲ್ಲಿ ಮಾಡಿದ ಮಣ್ಣೆತ್ತು ಮನೆಯಲ್ಲಿ ಉಳಿದಿದ್ದರೆ ಅದನ್ನು ಚಕ್ಕಡಿಯ ಮುಂದೆ ನಿಲ್ಲಿಸಬಹುದು. ಹೋಳಿಗೆ ಮುತ್ತುಗದ ಹೂ ಸಿಕ್ಕಿದರೆ ರಾತ್ರಿ ನೀರಿನಲ್ಲಿ ನೆನೆಸಿದಾಗ ಬೆಳಿಗ್ಗೆ ಕಿತ್ತಳೆ ಬಣ್ಣ ಸಿದ್ಧ. ಅರಿಸಿನದ ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿದರೆ ಹಳದಿ ಕೆಂಪಾಗುವುದನ್ನು ನೋಡಿ ಮಗುವಿನ ಕಣ್ಣು ಅರಳುತ್ತದೆ. ಸುಣ್ಣದಿಂದಲೂ ಹಾಗಾಗುತ್ತದೆ, ಆದರೆ ಸುಣ್ಣ ಕಣ್ಣನ್ನು ಸುಡುವುದರಿಂದ ಅದನ್ನು ಬಳಸಬಾರದು.

ಬೇಸಿಗೆಯಲ್ಲಿ ನಮ್ಮ ಜಿಲ್ಲೆಯ ಬಿಸಿಲು 40 ಡಿಗ್ರಿ ದಾಟುತ್ತದೆ, ಹೊರಗೆ ಬಿಡುವಂತಿಲ್ಲ. ಆಗ ಪಡಸಾಲೆಯಲ್ಲಿ ಮೊರ, ಸೇರು, ಚಿಕ್ಕ ಬಟ್ಟಲು, ಎರಡು ಹಿಡಿ ಜೋಳ ಇಟ್ಟರೆ ಒಂದು ಮಧ್ಯಾಹ್ನ ಕಳೆಯುತ್ತದೆ. ಇಟಲಿಯ ಶಿಕ್ಷಣತಜ್ಞೆ ಮರಿಯಾ ಮಾಂಟೆಸ್ಸರಿ 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದು ಶಿಕ್ಷಕರಿಗೆ ತರಬೇತಿ ನೀಡಿದರು. ಕಾಳು ಸುರಿಯುವುದು, ನೀರು ಬಗ್ಗಿಸುವುದು, ನೆಲ ಒರೆಸುವುದು ಅವರ ಪದ್ಧತಿಯಲ್ಲಿ ಎಳೆಯರ ಮೊದಲ ಪಾಠಗಳು. ನಗರಗಳಲ್ಲಿ ಇದಕ್ಕೆ ಸಾವಿರಗಟ್ಟಲೆ ಶುಲ್ಕ ತೆರುವವರಿದ್ದಾರೆ. ಜೋಳವನ್ನು ಮೂಗು, ಕಿವಿಗೆ ತೂರಿಸಿಕೊಳ್ಳದಂತೆ ಹಿರಿಯರೊಬ್ಬರು ಪಕ್ಕದಲ್ಲೇ ಕುಳಿತಿರಬೇಕು. ನೀರಿನ ಆಟ ಮುಗಿದೊಡನೆ ಬಕೆಟ್ ಬೋರಲು ಹಾಕಬೇಕು, ಏಕೆಂದರೆ ನಾಲ್ಕು ಬೆರಳು ನೀರಿನಲ್ಲೂ ಕೂಸು ಮುಳುಗಬಲ್ಲದು.

ಊರು ಬಿಟ್ಟು ದೂರ ನೆಲೆಸಿರುವ ಸದ್ಭಕ್ತರ ಮನೆಗಳಲ್ಲಿ ಎರೆಮಣ್ಣು ಸಿಗದಿರಬಹುದು. ಊರಿಗೆ ಬಂದು ಮರಳುವಾಗ ಜರಡಿ ಹಿಡಿದ ಒಣಮಣ್ಣನ್ನು ಒಂದು ಸೇರಿನಷ್ಟು ಚೀಲದಲ್ಲಿ ಕಟ್ಟಿಕೊಂಡು ಹೋದರೆ ಒಂದು ಜೊತೆ ಎತ್ತಿಗೂ ಒಂದು ಗೋದಲಿಗೂ ಸಾಕಾಗುತ್ತದೆ. ಅದನ್ನು ಅಮಾವಾಸ್ಯೆಯ ಹಿಂದಿನ ರಾತ್ರಿ ನೆನೆಹಾಕುವ ಕೆಲಸ ಕೂಸಿನ ಕೈಯಿಂದಲೇ ಆಗಲಿ.