ಕೆರೆ ಹೂಳಲ್ಲಿದೆ ಹಳೇ ಮಳೆಯ ಲೆಕ್ಕ: ಜೆಸಿಬಿ ಇಳಿಯೋ ಮುಂಚೆ ಇದು ಗೊತ್ತಿರಲಿ

ಗದಗ: ಬೇಸಿಗೆಯಲ್ಲಿ ಕೆರೆ ಬತ್ತಿದ ಕೂಡಲೇ ಹೂಳೆತ್ತುವ ಮಾತು ಶುರುವಾಗುತ್ತದೆ. ಜೆಸಿಬಿ ಬರುತ್ತದೆ, ಟ್ರ್ಯಾಕ್ಟರ್‌ನಲ್ಲಿ ಮಣ್ಣು ಹೊಲ ಸೇರುತ್ತದೆ. ಕೆರೆಗೂ ಒಳ್ಳೇದು, ಹೊಲಕ್ಕೂ ಒಳ್ಳೇದು. ಆದ್ರೆ ಆ ಮಣ್ಣಿನ ಜೊತೆ ಹಳೇ ಮಳೆಯ ಲೆಕ್ಕವೂ ಹೋಗುತ್ತದೆ.

ಹೂಳು ಅಂದ್ರೆ ಅಂಗಡಿಯ ಕಿರ್ದಿ ಪುಸ್ತಕ ಇದ್ದಂಗೆ. ಪ್ರತಿ ಮಳೆಗಾಲದಲ್ಲಿ ಹಳ್ಳ ಹೊತ್ತು ತಂದ ಮಣ್ಣು ತಳದಲ್ಲಿ ಪದರವಾಗಿ ಕೂರುತ್ತದೆ. ಹಳೇದು ಕೆಳಗೆ, ಹೊಸದು ಮೇಲೆ.

ಲ್ಯಾಬ್‌ನಲ್ಲಿ ಓದೋದು ಹೆಂಗೆ?

ಪೈಪನ್ನು ನೇರವಾಗಿ ಇಳಿಸಿ, ಪದರ ಕಲಸದಂತೆ ಮಣ್ಣಿನ ಕಂಬವನ್ನು ಹೊರತೆಗೆಯುತ್ತಾರೆ. ಅದನ್ನು ಬಿಲ್ಲೆಗಳಾಗಿ ಕತ್ತರಿಸಿ ಪರೀಕ್ಷಿಸುತ್ತಾರೆ.

ವಯಸ್ಸು: ಸಾವಿರಾರು ವರ್ಷದ ಪದರಕ್ಕೆ ಕಾರ್ಬನ್-14. ಇದು 5,730 ವರ್ಷಕ್ಕೆ ಅರ್ಧವಾಗುತ್ತದೆ. ಕಳೆದ ನೂರು ವರ್ಷಕ್ಕೆ ಸೀಸ-210. ಇದು ಸುಮಾರು 22 ವರ್ಷಕ್ಕೆ ಅರ್ಧ.

ಮಳೆ: ಮಳೆ ಹೆಚ್ಚಿದ್ದಾಗ ಮೇಲ್ಮಣ್ಣಿನಲ್ಲಿ ಹುಟ್ಟುವ ಸೂಕ್ಷ್ಮ ಕಬ್ಬಿಣದ ಖನಿಜ ಕೆರೆಗೆ ಹೆಚ್ಚು ಬರುತ್ತದೆ. ಬಿಲ್ಲೆಯ ಕಾಂತಗುಣ ಅಳೆದರೆ ಆ ಕಾಲದ ಮಳೆಯ ಏರಿಳಿತ ತಿಳಿಯುತ್ತದೆ.

ಗಿಡ, ಬೆಳೆ: ಪರಾಗದ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸುತ್ತ ಕಾಡಿತ್ತೋ, ಹುಲ್ಲಿತ್ತೋ ಗೊತ್ತಾಗುತ್ತದೆ. ಆದ್ರೆ ಪದೇ ಪದೇ ಬತ್ತುವ ಕೆರೆಯಲ್ಲಿ ಪರಾಗ ಕೊಳೆತು ಹೋಗುತ್ತದೆ.

ಇದು ದೂರದ ಮಾತಲ್ಲ. ಚಿತ್ರದುರ್ಗದ ತಿಮ್ಮಣ್ಣನಾಯಕನ ಕೆರೆಯ ಹೂಳಿನ ಕಾಂತಗುಣ ಅಳೆದು, ಮಂಗಳೂರು ವಿಶ್ವವಿದ್ಯಾಲಯದ ವಿಜ್ಞಾನಿಗಳು 3,700 ವರ್ಷಗಳ ಮುಂಗಾರಿನ ಏರಿಳಿತವನ್ನು ಗುರುತಿಸಿದ್ದಾರೆ. ಆ ವರದಿ 2006ರಲ್ಲಿ ಪ್ರಕಟವಾಗಿದೆ.

ನಮಗೇನು ಲಾಭ?

ಗದಗದ ಭೀಷ್ಮ ಕೆರೆ, ಮುಂಡರಗಿ ತಾಲ್ಲೂಕಿನ ಡಂಬಳ ಕೆರೆ, 2024ರಲ್ಲಿ ರಾಮ್ಸರ್ ಪಟ್ಟಿ ಸೇರಿದ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ: ಯಾವುದೇ ಇರಲಿ, ಹೂಳು ಎಷ್ಟು ವೇಗವಾಗಿ ತುಂಬುತ್ತಿದೆ ಅನ್ನೋದು ಮುಖ್ಯ ಪ್ರಶ್ನೆ. ಉದಾಹರಣೆಗೆ, 50 ವರ್ಷದಲ್ಲಿ 60 ಸೆಂ.ಮೀ. ಕೂತಿದ್ರೆ ವರ್ಷಕ್ಕೆ 1.2 ಸೆಂ.ಮೀ. ಆಯ್ತು. ಆಗ ಮತ್ತೆ ಎಷ್ಟು ವರ್ಷಕ್ಕೆ ಹೂಳು ತೆಗೆಯಬೇಕು ಅಂತ ಅಂದಾಜು ಸಿಗುತ್ತದೆ. ವೇಗ ಈಚೆಗೆ ಹೆಚ್ಚಿದ್ರೆ, ಬರೀ ಕೆರೆ ಅಗೆದು ಪ್ರಯೋಜನವಿಲ್ಲ. ಮೇಲಿನ ಹೊಲ, ಗುಡ್ಡದ ಮಣ್ಣು ತಡೆಯಲು ಬದು, ಒಡ್ಡು ಬೇಕು.

ಒಂದೇ ಷರತ್ತು: ಪದರ ಕದಡಿರಬಾರದು. ಒಮ್ಮೆ ಅಗೆದ ಜಾಗದಲ್ಲಿ ಈ ಲೆಕ್ಕ ಸಿಗಲ್ಲ. ಎರೆಮಣ್ಣು ಬಿರುಕು ಬಿಟ್ಟಲ್ಲಿ ಮೇಲಿನ ಮಣ್ಣು ಕೆಳಗೆ ಬಿದ್ದು ಪದರ ಬೆರೆಯುತ್ತದೆ. ಹಾಗಾಗಿ ನಿಮ್ಮೂರ ಕೆರೆಯ ಹೂಳೆತ್ತುವ ವಿಷಯ ಗ್ರಾಮಸಭೆಗೆ ಬಂದಾಗ ಒಂದು ಮಾತು ಕೇಳಿ: ಅಗೆಯುವ ಮುಂಚೆ ಎರಡು ಮೂರು ಕಡೆ ಮಣ್ಣಿನ ಕಂಬ ತೆಗೆಸಿ, ವಿಶ್ವವಿದ್ಯಾಲಯಕ್ಕೆ ಕಳಿಸಬಹುದಲ್ವಾ?